ಎರಡನೇ ಮಹಾಯುದ್ಧದ ನಂತರದ ಬ್ರಿಟಿಷ್ ಶಿಲ್ಪಗಳಲ್ಲಿ ಅಷ್ಟೊಂದು ಭಯ ಎಲ್ಲಿಂದ ಬಂತು?

ಗುಮ್ಮಟದೂರಿನ ಹುಡುಗಿ (ವಿಜಯಪುರ):
ಎಲ್ಲರಿಗೂ ನಮಸ್ಕಾರ. ನಾನು ಚಿತ್ರಕಲಾ ವಿದ್ಯಾರ್ಥಿನಿ, ಮುಂದಿನ ವಾರ ನನ್ನ ಸೆಮಿನಾರ್ ಇದೆ. 1952ರ ವೆನಿಸ್ ಬಿಯೆನಾಲೆಯಲ್ಲಿ (ಎರಡು ವರ್ಷಕ್ಕೊಮ್ಮೆ ಇಟಲಿಯಲ್ಲಿ ನಡೆಯುವ ಅಂತರರಾಷ್ಟ್ರೀಯ ಕಲಾ ಪ್ರದರ್ಶನ) ಬ್ರಿಟನ್ ಎಂಟು ಹೊಸ ಶಿಲ್ಪಿಗಳ ಕೆಲಸ ಇಟ್ಟಿತ್ತಲ್ವಾ, ಅದೇ ವಿಷಯ. ವಿಮರ್ಶಕ ಹರ್ಬರ್ಟ್ ರೀಡ್ ಕ್ಯಾಟಲಾಗ್‌ನಲ್ಲಿ 'ಭಯದ ಜ್ಯಾಮಿತಿ' ಅಂತ ಬರೆದರು, ಆ ಹೆಸರೇ ಗಟ್ಟಿಯಾಗಿ ನಿಂತುಬಿಟ್ಟಿತು. ಫೋಟೋ ನೋಡಿದರೆ ಕಡ್ಡಿಯಂಥ ಕಾಲು, ಚೂಪು ತಲೆ, ಎಷ್ಟೋ ಮೂರ್ತಿಗಳಿಗೆ ಮುಖವೇ ಇಲ್ಲ. ಮುಖ ಇಲ್ಲದ ಮೇಲೆ ಭಯ ಎಲ್ಲಿ ಕಾಣುತ್ತದೆ ಅಂತ ಸರ್ ಕೇಳಿದರು. ಸುಮ್ನೆ 'ಯುದ್ಧ ಆಗಿತ್ತು, ಅದಕ್ಕೇ ಭಯ' ಅಂತ ಬರೆಯಲು ಮನಸ್ಸಿಲ್ಲ. ಗೊತ್ತಿದ್ದವರು ಹೇಳಿ.

ಉದ್ಯಮಬಾಗ್ ಫ್ಯಾಬ್ರಿಕೇಟರ್ (ಬೆಳಗಾವಿ):
ತಂಗಿ, ನಾನು ಕಬ್ಬಿಣದ ಕೆಲಸದವನು, ಹಾಗಾಗಿ ಆ ಕಡೆಯಿಂದಲೇ ಹೇಳುತ್ತೇನೆ. ಇವರಲ್ಲಿ ರೆಗ್ ಬಟ್ಲರ್ ಅಂತ ಒಬ್ಬರಿದ್ದಾರೆ. ಮೊದಲು ಆರ್ಕಿಟೆಕ್ಟ್, ಯುದ್ಧದಲ್ಲಿ ಬಂದೂಕು ಹಿಡಿಯಲು ಒಪ್ಪದೆ ಹಳ್ಳಿಯಲ್ಲಿ ಕಮ್ಮಾರಿಕೆ ಮಾಡಿದರು. ಲಿನ್ ಚಾಡ್ವಿಕ್ ನೌಕಾಪಡೆಯ ಪೈಲಟ್. ಇಬ್ಬರೂ 1950ರಲ್ಲಿ ಬ್ರಿಟಿಷ್ ಆಕ್ಸಿಜನ್ ಕಂಪನಿಯಲ್ಲಿ ವೆಲ್ಡಿಂಗ್ ಕಲಿತರು. ಇದು ಬಹಳ ದೊಡ್ಡ ವಿಷಯ ನೋಡಿ. ಕಲ್ಲು ಕೆತ್ತುವವನಿಗೆ ಬಂಡೆ ಮೊದಲೇ ಇರುತ್ತದೆ, ಎರಕ ಹೊಯ್ಯುವವನಿಗೆ ಅಚ್ಚು ಇರುತ್ತದೆ, ಆದರೆ ರಾಡ್ ಮತ್ತು ಗ್ಯಾಸ್ ಹಿಡಿದವನು ಬರೀ ಗಾಳಿಯಲ್ಲಿ ಗೆರೆ ಎಳೆಯಬೇಕು, ಒಂದು ಟ್ಯಾಕ್ (ಚಿಕ್ಕ ವೆಲ್ಡಿಂಗ್ ಚುಕ್ಕೆ) ಹೊಡೆದು, ಎರಡನೇ ರಾಡ್ ಹಿಡಿದು, ಬೀಳುತ್ತದೋ ನಿಲ್ಲುತ್ತದೋ ನೋಡುತ್ತಾ ಮುಂದೆ ಹೋಗಬೇಕು.

ಚಾಡ್ವಿಕ್ ಆಮೇಲೆ ಒಂದು ಪದ್ಧತಿ ಹಿಡಿದರು. ಮೊದಲು ರಾಡ್‌ಗಳಿಂದ ತ್ರಿಕೋನ ತ್ರಿಕೋನವಾಗಿ ಪಂಜರ ಕಟ್ಟುವುದು. ಆಮೇಲೆ ಜಿಪ್ಸಮ್ ಮತ್ತು ಕಬ್ಬಿಣದ ಪುಡಿ ಇರುವ ಸ್ಟೋಲಿಟ್ ಅನ್ನುವ ಗಾರೆಯನ್ನು ಸಂದುಗಳಿಗೆ ತುಂಬುವುದು. ರಾಡ್ ಮುಚ್ಚಿಹೋಗುವುದಿಲ್ಲ, ಚರ್ಮದ ಮೇಲೆ ಪಕ್ಕೆಲುಬು ಎದ್ದಂತೆ ಹೊರಗೇ ಕಾಣುತ್ತದೆ. ನಮ್ಮ ಶೆಡ್‌ನಲ್ಲಿ ಜಾಯಿಂಟ್ ಕಂಡರೆ ಗ್ರೈಂಡರ್ ಹಾಕಿ ನುಣ್ಣಗೆ ಮಾಡುತ್ತೇವೆ, ಇವರು ಅದನ್ನೇ ಮೈ ಮಾಡಿಕೊಂಡರು. ಅಷ್ಟು ಭಾರದ ಮೈ ಮೂರು ಚೂಪು ಕಾಲುಗಳ ಮೇಲೆ ನಿಂತಿದ್ದರೆ ನೋಡುವವನಿಗೇ ಎದೆ ಝಲ್ ಅನ್ನುತ್ತದೆ. ಮುಖ ಯಾಕೆ ಬೇಕು? 1956ರಲ್ಲಿ ಅದೇ ವೆನಿಸ್‌ನಲ್ಲಿ ಚಾಡ್ವಿಕ್‌ಗೆ ಶಿಲ್ಪದ ದೊಡ್ಡ ಬಹುಮಾನ ಬಂತು, ಹೆಸರಾಂತ ಶಿಲ್ಪಿ ಜಕೊಮೆಟ್ಟಿಯವರನ್ನೂ ಹಿಂದೆ ಹಾಕಿ.

ಮಲಪ್ರಭೆ ದಂಡೆ (ಬಾದಾಮಿ):
ಫ್ಯಾಬ್ರಿಕೇಟರ್ ಅಣ್ಣ ಚೆನ್ನಾಗಿ ಹೇಳಿದರು. ಒಂದು ಮಾತು ಸೇರಿಸುತ್ತೇನೆ. ಸಣಕಲು ಮೈ ಅಂದರೆ ಭಯ ಅಂತ ಮಾತ್ರ ಬರೆಯಬೇಡಮ್ಮ. ನಮ್ಮ ಬಾದಾಮಿ ಒಂದನೇ ಗುಹೆಯಲ್ಲಿ ಅರ್ಧನಾರೀಶ್ವರನ ಪಕ್ಕ ಭೃಂಗಿ ಇದ್ದಾನಲ್ಲ, ಬರೀ ಎಲುಬಿನ ಹಂದರ. ಆದರೂ ಕೈಮುಗಿದು ನಿಂತ ಆ ನಿಲುವಿನಲ್ಲಿ ಭಕ್ತಿ ಇದೆ, ಹೆದರಿಕೆಯ ಸುಳಿವೂ ಇಲ್ಲ. ನೀನು ನಿಲುವು ನೋಡು. ಆ ಎಂಟು ಜನರಲ್ಲೇ ಒಬ್ಬರಾದ ಬರ್ನಾರ್ಡ್ ಮೆಡೋಸ್ ವಾಯುಪಡೆಯಲ್ಲಿದ್ದಾಗ ಹಿಂದೂ ಮಹಾಸಾಗರದ ಕೋಕೋಸ್ ದ್ವೀಪದಲ್ಲಿ ಏಡಿ ನೋಡಿದ್ದರು, ಆಮೇಲೆ ಏಡಿಗಳನ್ನೇ ಮಾಡುತ್ತಾ ಹೋದರು. ಏಡಿಯ ಮೆತ್ತನೆ ಮೈಯೆಲ್ಲ ಚಿಪ್ಪಿನೊಳಗೆ, ಹೊರಗೆ ಬರೀ ಕೊಂಡಿ. ಹೆದರಿದ್ದು ಯಾರು, ಹೆದರಿಸುತ್ತಿರುವುದು ಯಾರು ಅಂತಲೇ ತಿಳಿಯಲ್ಲ. ನನಗೆ ಇವರೆಲ್ಲರಲ್ಲಿ ತುಂಬಾ ಹತ್ತಿರ ಅನ್ನಿಸುವುದು ಅದೇ.

ಗುಮ್ಮಟದೂರಿನ ಹುಡುಗಿ:
ಇಬ್ಬರಿಗೂ ಥ್ಯಾಂಕ್ಸ್. ಭೃಂಗಿಯ ಫೋಟೋ ಖಂಡಿತ ಹಾಕುತ್ತೇನೆ. ಹಾಗಾದರೆ ರೀಡ್ ಕೊಟ್ಟ ಹೆಸರು ಎಂಟೂ ಜನರಿಗೆ ಹೊಂದುತ್ತದಾ?

ಮಲಪ್ರಭೆ ದಂಡೆ:
ಇಲ್ಲ ಅಂತ ಧೈರ್ಯವಾಗಿ ಹೇಳು. ರಾಬರ್ಟ್ ಆಡಮ್ಸ್ ಕೆಲಸ ಶಾಂತವಾದ ಅಮೂರ್ತ ಆಕಾರ. ಕೆನೆತ್ ಆರ್ಮಿಟೇಜ್ 1950ರಲ್ಲಿ ಗಾಳಿಗೆ ಎದುರಾಗಿ ಬಾಗಿ ನಡೆಯುವ ಜನರನ್ನು ಮಾಡಿದರು, ಮೈಗಳೆಲ್ಲ ಒಂದೇ ಹಾಳೆಯಾಗಿ ಕೂಡಿಕೊಂಡಿವೆ. ಅದರಲ್ಲಿ ನನಗೆ ಭಯಕ್ಕಿಂತ ಜೊತೆಗಿರುವ ಸುಖವೇ ಜಾಸ್ತಿ ಕಾಣುತ್ತದೆ. ಆದರೆ ಎಡ್ವಾರ್ಡೊ ಪಾವ್ಲೊಟ್ಸಿ ಇದ್ದಾರಲ್ಲ, ಅವರ ಕಥೆ ಬೇರೆ. ಎಡಿನ್‌ಬರ್ಗ್ ಹತ್ತಿರ ಹುಟ್ಟಿದ ಇಟಾಲಿಯನ್ ಮನೆತನದ ಹುಡುಗ. 1940ರಲ್ಲಿ ಇಟಲಿ ಯುದ್ಧಕ್ಕಿಳಿದ ಕೂಡಲೇ ಬ್ರಿಟನ್ನಿನವರು ಶತ್ರುದೇಶದ ಮನೆತನ ಅಂತ ಅವರನ್ನು ಹಿಡಿದು ಒಳಗೆ ಹಾಕಿದರು. ಅಪ್ಪ, ಅಜ್ಜನನ್ನು ಕೆನಡಾಕ್ಕೆ ಸಾಗಿಸುತ್ತಿದ್ದ ಅರಂಡೋರಾ ಸ್ಟಾರ್ ಹಡಗನ್ನು ಜರ್ಮನ್ ಸಬ್‌ಮರೀನ್ ಮುಳುಗಿಸಿತು, ಇಬ್ಬರೂ ತೀರಿಕೊಂಡರು. ಇದು ಪೇಪರ್ ಓದಿ ಬಂದ ಭಯ ಅಲ್ಲ.

ಬಾಗಲಕೋಟೆ ಮೇಷ್ಟ್ರು:
ಮಗಳೇ, ಇಸವಿಗಳನ್ನೂ ಸ್ವಲ್ಪ ಗಮನಿಸು. ಯುದ್ಧ ಮುಗಿದು ಏಳು ವರ್ಷದ ಮೇಲಿನ ಪ್ರದರ್ಶನ ಇದು. 1949ರಲ್ಲಿ ರಷ್ಯಾ ಅಣುಬಾಂಬ್ ಸಿಡಿಸಿತ್ತು, 1952ರ ಅಕ್ಟೋಬರ್‌ನಲ್ಲಿ ಬ್ರಿಟನ್ ಕೂಡ ಸಿಡಿಸಿತು. ಅಂದರೆ ಆಗಿಹೋದದ್ದರ ನೋವಿನ ಜೊತೆ ಮುಂದೇನೋ ಅನ್ನುವ ದಿಗಿಲೂ ಇತ್ತು. ಬಟ್ಲರ್ ಅವರ 'ಅಜ್ಞಾತ ರಾಜಕೀಯ ಕೈದಿ' ಸ್ಮಾರಕದ ಮಾದರಿಯನ್ನು ಬಿಡಲೇಬೇಡ. 1953ರ ಸ್ಪರ್ಧೆಯಲ್ಲಿ ಅದಕ್ಕೇ ಮೊದಲ ಬಹುಮಾನ. ಎತ್ತರದ ಕಬ್ಬಿಣದ ಗೋಪುರ, ಬುಡದಲ್ಲಿ ತಲೆ ಎತ್ತಿ ನೋಡುವ ಮೂವರು ಹೆಂಗಸರು, ಮೇಲೆ ಕೈದಿಯೇ ಇಲ್ಲ! ಲಂಡನ್ನಿನ ಟೇಟ್ ಕಲಾ ಗ್ಯಾಲರಿಯಲ್ಲಿ ಇಟ್ಟಿದ್ದಾಗ ಹಂಗೇರಿಯಿಂದ ಓಡಿಬಂದಿದ್ದ ಒಬ್ಬ ಕಲಾವಿದ ಅದನ್ನು ಕೈಯಾರೆ ಮುರಿದು ಹಾಕಿದ. ಬರ್ಲಿನ್‌ನಲ್ಲಿ ದೊಡ್ಡದಾಗಿ ಕಟ್ಟುವ ಯೋಚನೆ ಇತ್ತು, ಕೊನೆಗೂ ಕಟ್ಟಲಿಲ್ಲ. ನಿಮ್ಮ ಸರ್ ಪ್ರಶ್ನೆಗೆ ಆ ಖಾಲಿ ಜಾಗಕ್ಕಿಂತ ಒಳ್ಳೆ ಉದಾಹರಣೆ ನನಗೆ ತೋಚುತ್ತಿಲ್ಲ, ಅದನ್ನೇ ಮೊದಲ ಸ್ಲೈಡ್ ಮಾಡು.