ಕಪ್ರಿಜೊವ್‌ಗೆ 13.6 ಕೋಟಿ ಡಾಲರ್: ಮನೆಯ ಗುಂಪಿನಲ್ಲಿ ಎದ್ದ ವಾಗ್ವಾದ

ಭಾವ: (ಚಿತ್ರ) ಎಡಕ್ಕೆ ಕಿರಿಲ್ ಕಪ್ರಿಜೊವ್, ಮಿನೆಸೋಟ, 8 ವರ್ಷ, 13.6 ಕೋಟಿ ಡಾಲರ್. ಬಲಕ್ಕೆ ಕಾನರ್ ಮೆಕ್‌ಡೇವಿಡ್, ಎಡ್ಮಂಟನ್, 2 ವರ್ಷ, 2.5 ಕೋಟಿ ಡಾಲರ್.

ಭಾವ: ಎಲ್ಲರೂ ಒಮ್ಮೆ ನೋಡಿ. ಐಸ್ ಹಾಕಿಯಲ್ಲಿ 2025ರ ಸೆಪ್ಟೆಂಬರ್-ಅಕ್ಟೋಬರ್‌ನಲ್ಲಿ ಒಂದೇ ವಾರದೊಳಗೆ ಆದ ಎರಡು ಒಪ್ಪಂದಗಳಿವು. ಜಗತ್ತಿನಲ್ಲೇ ಎಲ್ಲರಿಗಿಂತ ಚೆನ್ನಾಗಿ ಆಡುವವನು ವರ್ಷಕ್ಕೆ 1.25 ಕೋಟಿ ಸಾಕು ಎನ್ನುತ್ತಾನೆ. ತಂಡವನ್ನು ಪ್ಲೇಆಫ್‌ನ (ಋತುವಿನ ಕೊನೆಯ ನಾಕೌಟ್ ಹಂತ) ಮೊದಲ ಸುತ್ತು 2025ರವರೆಗೆ ಒಮ್ಮೆಯೂ ದಾಟಿಸದವನಿಗೆ 1.7 ಕೋಟಿ. ಉತ್ತರ ಅಮೆರಿಕದ ಹಾಕಿ ಲೀಗ್ ಎನ್‌ಎಚ್‌ಎಲ್‌ನ ಇತಿಹಾಸದಲ್ಲೇ ಇಷ್ಟು ದೊಡ್ಡ ಮೊತ್ತ ಯಾರಿಗೂ ಸಿಕ್ಕಿರಲಿಲ್ಲ. ಇದಕ್ಕೆ ಏನಾದರೂ ಅರ್ಥವಿದೆಯೇ?

ಚಿಕ್ಕಪ್ಪ: ಅರ್ಥವಿದೆ ಅಳಿಯಂದಿರೇ. ತಂಡಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸಿಕೊಳ್ಳುವ 2015ರ ಆಯ್ಕೆಯಲ್ಲಿ 134 ಹುಡುಗರು ಮುಗಿದ ಮೇಲೆ ಸಿಕ್ಕವನು ಕಪ್ರಿಜೊವ್. ಅವನು ರಷ್ಯಾದಿಂದ ಬರಲೆಂದು ತಂಡ ಐದು ವರ್ಷ ಕಾಯಿತು. ಅವನೊಬ್ಬನನ್ನು ತೆಗೆದರೆ ಮಿನೆಸೋಟದ ಆಟ ನೋಡಲು ಯಾರು ಬರುತ್ತಾರೆ?

ಭಾವ: 2024-25ರ ಋತುವಿನಲ್ಲಿ 82 ಪಂದ್ಯಗಳಲ್ಲಿ ಅವನು ಆಡಿದ್ದು 41 ಮಾವ. ಸರಿಯಾಗಿ ಅರ್ಧ.

ಪುಟ್ಟ: ಆ 41ರಲ್ಲಿ 25 ಗೋಲು, 31 ಅಸಿಸ್ಟ್ (ಬೇರೆಯವರ ಗೋಲಿಗೆ ನೆರವು) ಅಪ್ಪ. ಗಾಯವಾಗುವ ತನಕ ಅವನೇ ಮುಂದಿದ್ದವರಲ್ಲಿ ಒಬ್ಬ.

ಅತ್ತಿಗೆ: ಮೊತ್ತ ನೋಡಿ ಗಾಬರಿಯಾಗುವ ಮೊದಲು ಮಿತಿಯನ್ನು ನೋಡಿ ಅಣ್ಣ. ಹೊಸ ಒಪ್ಪಂದ ಆರಂಭವಾಗುವುದು 2026-27ರಲ್ಲಿ. ಆಗಿನ ವೇತನ ಮಿತಿಯನ್ನು, ಅಂದರೆ ಒಂದು ತಂಡ ಎಲ್ಲ ಆಟಗಾರರಿಗೂ ಸೇರಿ ಕೊಡಬಹುದಾದ ಒಟ್ಟು ಸಂಬಳವನ್ನು, 10.4 ಕೋಟಿ ಡಾಲರ್ ಎಂದು ಅಂದಾಜಿಸಿ ಲೀಗ್ ಆಗಲೇ ಪ್ರಕಟಿಸಿದೆ. ಅದರಲ್ಲಿ 1.7 ಕೋಟಿ ಎಂದರೆ ಶೇ 16ರ ಆಸುಪಾಸು. ಮೆಕ್‌ಡೇವಿಡ್‌ನ ಹಿಂದಿನ ಒಪ್ಪಂದ ಶುರುವಾದ 2018-19ರಲ್ಲಿ ಮಿತಿ 7.95 ಕೋಟಿ, ಅವನ ಪಾಲು 1.25 ಕೋಟಿ. ಅದೂ ಸುಮಾರು ಶೇ 16. ವಾಷಿಂಗ್ಟನ್ ತಂಡ ಒವೆಚ್ಕಿನ್‌ಗೆ 2008ರಲ್ಲಿ ಕೊಟ್ಟದ್ದು ಇದಕ್ಕಿಂತ ತುಸು ಹೆಚ್ಚೇ. ತಾರೆಯ ಬೆಲೆ ಏರಿಲ್ಲ, ಒಟ್ಟು ಗಂಟು ದೊಡ್ಡದಾಗಿದೆ.

ಭಾವ: ಲೆಕ್ಕ ಒಪ್ಪಿದೆ ತಂಗಿ. ಆದರೆ ಟೊರಾಂಟೊ ತಂಡವನ್ನು ಇಷ್ಟು ವರ್ಷ ನೋಡಿದವನಿಗೆ ಶೇಕಡಾವಾರು ಸಮಾಧಾನ ಕೊಡುವುದಿಲ್ಲ. ಮ್ಯಾಥ್ಯೂಸ್, ಮಾರ್ನರ್, ಟವಾರೆಸ್, ನೈಲ್ಯಾಂಡರ್. 2019-20ರಲ್ಲಿ ಮಿತಿ 8.15 ಕೋಟಿ, ಈ ನಾಲ್ವರಿಗೇ ಸುಮಾರು 4 ಕೋಟಿ. ಉಳಿದ ಅರ್ಧದಲ್ಲಿ ಇಡೀ ರಕ್ಷಣಾ ಪಡೆ, ಗೋಲ್‌ಕೀಪರ್, ಸರದಿಯಲ್ಲಿ ಇಳಿಯುವ ಮುಂಚೂಣಿ ಆಟಗಾರರ ಮೂರನೆಯ ಮತ್ತು ನಾಲ್ಕನೆಯ ಸಾಲು. ಫಲವೇನು? 2021ರಲ್ಲಿ ಮಾಂಟ್ರಿಯಲ್ ವಿರುದ್ಧ 3-1 ಮುಂದಿದ್ದು ಸರಣಿ ಸೋತರು. ಒಂದು ಸುತ್ತು ದಾಟಲು 2023ರವರೆಗೆ ಕಾಯಬೇಕಾಯಿತು. ಮಾರ್ನರ್ 2025ರ ಬೇಸಿಗೆಯಲ್ಲಿ ವೇಗಸ್‌ಗೆ ಹೊರಟುಹೋದ. 1967ರ ನಂತರ ಕಪ್ (ಲೀಗ್ ಗೆದ್ದವರಿಗೆ ಸಿಗುವ ಸ್ಟ್ಯಾನ್ಲಿ ಕಪ್) ಇಲ್ಲ, ಇನ್ನೂ ಇಲ್ಲ.

ಚಿಕ್ಕಪ್ಪ: 1967ಕ್ಕೂ ಈ ನಾಲ್ವರಿಗೂ ಏನು ಸಂಬಂಧ?

ನಾನು: ಭಾವ, ಒಂದು ಮಾತು ಬಿಟ್ಟುಹೋಯಿತು. ಆ ಒಪ್ಪಂದಗಳಿಗೆ ಸಹಿ ಬೀಳುವಾಗ ಮಿತಿ ವರ್ಷವರ್ಷವೂ ಏರುತ್ತದೆ ಎಂದೇ ಎಲ್ಲರೂ ನಂಬಿದ್ದರು. ಕೋವಿಡ್ ಬಂತು, ಕ್ರೀಡಾಂಗಣಗಳು ಖಾಲಿಯಾದವು, ಮೂರು ಋತುಗಳ ಕಾಲ ಮಿತಿ 8.15 ಕೋಟಿಯಲ್ಲೇ ನಿಂತಿತು. ಆಮೇಲಿನ ಎರಡು ವರ್ಷ ಏರಿದ್ದೂ ಹತ್ತು ಹತ್ತು ಲಕ್ಷ ಮಾತ್ರ. ಮಿತಿ ಏರಿದ್ದರೆ ಅದೇ 4 ಕೋಟಿ ಎರಡು ವರ್ಷದಲ್ಲೇ ಹಗುರವಾಗುತ್ತಿತ್ತು.

ಭಾವ: ಎಲ್ಲ 32 ತಂಡಗಳಿಗೂ ಅದೇ ಮಿತಿ ನಿಂತಿತ್ತಲ್ಲ. ಅವರಲ್ಲಿ ಗೆದ್ದವರು ಹೇಗೆ ಗೆದ್ದರು?

ನಾನು: ಫ್ಲಾರಿಡಾವನ್ನೇ ತೆಗೆದುಕೊಳ್ಳಿ. 2024, 2025 ಎರಡೂ ಕಪ್ ಅವರದ್ದು. 2024-25ರಲ್ಲಿ ಬಾರ್ಕೋವ್‌ಗೆ 1 ಕೋಟಿ, ಗೋಲ್‌ಕೀಪರ್ ಬೊಬ್ರೋವ್ಸ್ಕಿಗೆ 1 ಕೋಟಿ, ಕಚುಕ್‌ಗೆ 95 ಲಕ್ಷ, ರೈನ್‌ಹಾರ್ಟ್‌ಗೆ 86 ಲಕ್ಷ. ಸೇರಿಸಿದರೆ 3.8 ಕೋಟಿ. ನಿಮ್ಮ ನಾಲ್ವರಿಗಿಂತ ಹೆಚ್ಚು ಕಡಿಮೆಯೇನಲ್ಲ. ದೊಡ್ಡ ಒಪ್ಪಂದವೇ ತಂಡವನ್ನು ಮುಳುಗಿಸುವುದಾದರೆ ಫ್ಲಾರಿಡಾ ಮೊದಲು ಮುಳುಗಬೇಕಿತ್ತು. ಗೆಲುವು ಬಂದದ್ದು ಆ ನಾಲ್ವರಿಂದಾಚೆ ಇದ್ದ ಹಣದಿಂದ. ಫೋರ್ಸ್‌ಲಿಂಗ್‌ನನ್ನು ಕ್ಯಾರೊಲಿನಾ ಬೇಡವೆಂದು ಬಿಟ್ಟುಕೊಟ್ಟಿತ್ತು. 2021ರಲ್ಲಿ ಫ್ಲಾರಿಡಾ ಅವನನ್ನು ಬದಲಿಗೆ ಏನನ್ನೂ ಕೊಡದೆ ಕರೆದುಕೊಂಡಿತು. ಆತ ಇವತ್ತು ಆ ರಕ್ಷಣೆಯ ಬೆನ್ನೆಲುಬು. 2025ರ ಪ್ಲೇಆಫ್‌ನ ಅತ್ಯುತ್ತಮ ಆಟಗಾರ ಸ್ಯಾಮ್ ಬೆನೆಟ್. ಅವನಿಗಾಗಿ ಆ ವರ್ಷ ಮಿತಿಯಲ್ಲಿ ಎಣಿಕೆಯಾಗಿದ್ದದ್ದು 44 ಲಕ್ಷ ಚಿಲ್ಲರೆ!

ಅತ್ತಿಗೆ: ಕಪ್ ಗೆದ್ದ ಮರುಕ್ಷಣವೇ ಬೆನೆಟ್‌ಗೂ 8 ವರ್ಷ, 6.4 ಕೋಟಿ ಕೊಟ್ಟರು.

ಭಾವ: ನೋಡಿದಿರಾ? ಅಗ್ಗದವನು ಚೆನ್ನಾಗಿ ಆಡಿದರೆ ಮಾರನೆಯ ದಿನವೇ ದುಬಾರಿಯಾಗುತ್ತಾನೆ. ಚಿಕಾಗೊಕ್ಕೆ ಆದದ್ದೂ ಇದೇ. 2010, 2013, 2015, ಮೂರು ಕಪ್. ಕೇನ್ ಮತ್ತು ಟೇವ್ಸ್‌ಗೆ ತಲಾ 1.05 ಕೋಟಿಯಂತೆ ಎಂಟೆಂಟು ವರ್ಷ ಬರೆದುಕೊಟ್ಟರು. ಅದು ಜಾರಿಗೆ ಬರುವ ಹೊತ್ತಿಗೆ, ಕಪ್ ಎತ್ತಿದ ಅದೇ ಬೇಸಿಗೆಯಲ್ಲಿ, ಸಾದ್ ಮತ್ತು ಶಾರ್ಪ್ ಇಬ್ಬರನ್ನೂ ಬೇರೆ ತಂಡಗಳಿಗೆ ಕಳುಹಿಸಬೇಕಾಯಿತು. ಮತ್ತೆ ಕಪ್ ಬರಲಿಲ್ಲ.

ಚಿಕ್ಕಪ್ಪ: ಮೂರು ಕಪ್ ಗೆಲ್ಲಿಸಿದವರಿಗೆ ಹಣ ಕೊಡದೆ ಇನ್ಯಾರಿಗೆ ಕೊಡಬೇಕು? ಅವರು ದುಡಿದದ್ದನ್ನು ಮಾಲೀಕ ಇಟ್ಟುಕೊಳ್ಳಬೇಕೇ? ನನಗೆ ಈ ಮಾತು ಕೇಳಿದಾಗಲೆಲ್ಲ ಸಿಟ್ಟು ಬರುತ್ತದೆ. ಟಿಕೆಟ್ ಮಾರಾಟವಾಗುವುದು ಆಟಗಾರನ ಹೆಸರಿನಲ್ಲಿ, ಟಿವಿ ಹಕ್ಕು ಮಾರಾಟವಾಗುವುದು ಅವನ ಹೆಸರಿನಲ್ಲಿ. ಆ ಕಾಲದ ಅತಿದೊಡ್ಡ ತಾರೆ ಗ್ರೆಟ್ಸ್‌ಕಿ 1988ರಲ್ಲಿ ಎಡ್ಮಂಟನ್ ಬಿಟ್ಟು ಲಾಸ್ ಏಂಜಲೀಸ್‌ಗೆ ಹೋದ ಮೇಲೆ ಕ್ಯಾಲಿಫೋರ್ನಿಯಾದಲ್ಲಿ ಇನ್ನೆರಡು ತಂಡಗಳು ಹುಟ್ಟಿದವು. 1991ರಲ್ಲಿ ಸ್ಯಾನ್ ಹೋಸೆ, 1993ರಲ್ಲಿ ಅನಾಹೈಮ್.

ಅತ್ತಿಗೆ: ಚಿಕ್ಕಮಾವ, ಸಿಟ್ಟು ನ್ಯಾಯವಾದದ್ದು, ಆದರೆ ಈಗಿನ ವ್ಯವಸ್ಥೆಯಲ್ಲಿ ಅದು ಮಾಲೀಕನಿಗೆ ತಾಗುವುದಿಲ್ಲ. ಆಟಕ್ಕೆ ಸಂಬಂಧಿಸಿದ ಆದಾಯದಲ್ಲಿ ಆಟಗಾರರ ಪಾಲು ಅರ್ಧ ಎಂದು ಲೀಗ್ ಮತ್ತು ಆಟಗಾರರ ಸಂಘದ ಒಪ್ಪಂದದಲ್ಲೇ ಇದೆ. ಪ್ರತಿಯೊಬ್ಬರ ಸಂಬಳದಲ್ಲೂ ಒಂದಿಷ್ಟನ್ನು ಹಿಡಿದಿಡುತ್ತಾರೆ. ವರ್ಷದ ಕೊನೆಗೆ ಎಲ್ಲರ ಸಂಬಳ ಸೇರಿ ಅರ್ಧವನ್ನು ಮೀರಿದ್ದರೆ ಹಿಡಿದಿಟ್ಟದ್ದು ಮಾಲೀಕರಿಗೆ ವಾಪಸ್. ಅಂದ ಮೇಲೆ ಕಪ್ರಿಜೊವ್‌ಗೆ ಹೆಚ್ಚಾಗಿ ಹೋಗುವ ಡಾಲರ್ ಮಾಲೀಕನ ಜೇಬಿನಿಂದ ಬರುವುದಿಲ್ಲ, ಇನ್ನೊಬ್ಬ ಆಟಗಾರನ ಪಾಲಿನಿಂದ ಬರುತ್ತದೆ.

ಅಕ್ಕ: ಇಷ್ಟು ಹೊತ್ತು ಓದುತ್ತಿದ್ದೆ. ಹಾಗಾದರೆ ನಾಲ್ಕನೆಯ ಸಾಲಿನ ಹುಡುಗನಿಗೆ ಎಷ್ಟು ಸಿಗುತ್ತದೆ?

ಅತ್ತಿಗೆ: 2025-26ರ ಋತುವಿನ ಕನಿಷ್ಠ ಸಂಬಳ 7,75,000 ಡಾಲರ್ ಅಕ್ಕ. ತಾರೆಗಳು ಹೆಚ್ಚಿರುವ ತಂಡದಲ್ಲಿ ಅಂಥವರೇ ಹೆಚ್ಚು ಬೇಕಾಗುತ್ತಾರೆ.

ಅಕ್ಕ: ನಮ್ಮಂಥವರಿಗೆ ಅದೂ ದೊಡ್ಡದೇ. ಆದರೆ ಎದುರಾಳಿಯ ಹೊಡೆತಕ್ಕೆ ಮೈಯೊಡ್ಡುವವನೂ ಅವನೇ ಅಲ್ಲವೇ? ಕೊನೆಯ ನಿಮಿಷದಲ್ಲಿ ಪಕ್‌ಗೆ (ಚೆಂಡಿನ ಬದಲಿನ ಬಿಲ್ಲೆ) ಅಡ್ಡ ಬೀಳುವವನು, ಕಾಲು ಮುರಿದುಕೊಂಡು ಬೆಂಚಿನವರೆಗೆ ತೆವಳುವವನು. ಅವನ ವೃತ್ತಿ ಎರಡು ಮೂರು ವರ್ಷದಲ್ಲಿ ಮುಗಿದುಹೋದರೂ ಯಾರಿಗೂ ಗೊತ್ತಾಗುವುದಿಲ್ಲ. ನನಗೆ ಅವನ ಪರವಾಗಿ ಬೇಸರ.

ಪುಟ್ಟ: ಅಮ್ಮ, ಮೆಕ್‌ಡೇವಿಡ್ 60 ನಿಮಿಷದ ಪಂದ್ಯದಲ್ಲಿ ಸರಾಸರಿ ಸುಮಾರು 22 ನಿಮಿಷ ಮಂಜಿನ ಮೇಲಿರುತ್ತಾನೆ. ಒಂದು ಶಿಫ್ಟ್ ಮುಕ್ಕಾಲು ನಿಮಿಷ, ಅಷ್ಟರಲ್ಲೇ ಉಸಿರು ಕಟ್ಟಿ ಬದಲಾಗುತ್ತಾರೆ. ಉಳಿದ 38 ನಿಮಿಷ ನೀನು ಹೇಳಿದವರೇ ಆಡುವುದು. 2024ರ ಫೈನಲ್ ಏಳನೆಯ ಪಂದ್ಯದವರೆಗೂ ಹೋಯಿತು. ಸೋತ ತಂಡದವನಾದರೂ ಪ್ಲೇಆಫ್‌ನ ಅತ್ಯುತ್ತಮ ಆಟಗಾರ ಎಂದು ಅವನ ಹೆಸರನ್ನೇ ಕೂಗಿದರು. ಅವನು ಅದನ್ನು ತೆಗೆದುಕೊಳ್ಳಲು ಹೊರಗೆ ಬರಲೇ ಇಲ್ಲ. ಟ್ರೋಫಿ ಮೇಜಿನ ಮೇಲೆಯೇ ಇತ್ತು. ಅವನಿಗಿಂತ ಹೆಚ್ಚು ಮಾಡಲು ಒಬ್ಬ ಮನುಷ್ಯನಿಂದ ಆಗುವುದಿಲ್ಲ, ಆದರೂ ಸಾಕಾಗಲಿಲ್ಲ. ಅದೇ ಆಗಸ್ಟ್‌ನಲ್ಲಿ ಸೇಂಟ್ ಲೂಯಿಸ್ ತಂಡ ಎಡ್ಮಂಟನ್‌ನ ಯುವ ಆಟಗಾರರಾದ ಹಾಲೊವೇ ಮತ್ತು ಬ್ರೋಬರ್ಗ್‌ಗೆ ಹೆಚ್ಚಿನ ಹಣ ತೋರಿಸಿತು. ಎಡ್ಮಂಟನ್‌ಗೆ ಮಿತಿಯೊಳಗೆ ಜಾಗ ಮಾಡಿಕೊಳ್ಳಲಾಗಲಿಲ್ಲ, ಇಬ್ಬರೂ ಹೋದರು. 2025ರ ಫೈನಲ್ ಆರೇ ಪಂದ್ಯದಲ್ಲಿ ಮುಗಿಯಿತು.

ಭಾವ: ಇದನ್ನೇ ನಾನು ಬೆಳಗಿನಿಂದ ಹೇಳುತ್ತಿರುವುದು ಮಗನೇ. ಅದಕ್ಕೇ ಮೆಕ್‌ಡೇವಿಡ್ ಈಗ ಹಳೆಯ ಮೊತ್ತಕ್ಕೇ ಒಪ್ಪಿದ.

ನಾನು: ನನ್ನ ಕಣ್ಣಿಗೆ ಬಿದ್ದದ್ದು ಮೊತ್ತವಲ್ಲ ಭಾವ, ವರ್ಷಗಳು. ಕಪ್ರಿಜೊವ್‌ಗೆ 1.7 ಕೋಟಿ ಕೊಟ್ಟದ್ದು ಸರಿ. 8 ವರ್ಷ ಕೊಟ್ಟದ್ದು ತಪ್ಪು. ಒಪ್ಪಂದ ಶುರುವಾಗುವಾಗ ಅವನಿಗೆ 29, ಮುಗಿಯುವಾಗ 37. ಮಿನೆಸೋಟಕ್ಕೆ ಇದು ಹೊಸ ಪಾಠವೂ ಅಲ್ಲ. 2012ರ ಜುಲೈ 4ರಂದು ಪರೀಸೆ ಮತ್ತು ಸೂಟರ್‌ಗೆ 13 ವರ್ಷ, ತಲಾ 9.8 ಕೋಟಿ ಬರೆದುಕೊಟ್ಟರು. 2021ರಲ್ಲಿ ಇಬ್ಬರನ್ನೂ ಪರಿಹಾರ ಕೊಟ್ಟು ಕಳುಹಿಸಿದರು. ತಂಡದಲ್ಲಿ ಇಲ್ಲದ ಆ ಇಬ್ಬರ ಹೆಸರಿನಲ್ಲಿ 2023-24ರಲ್ಲಿ ಮಿತಿಯಿಂದ 1.47 ಕೋಟಿ ಕಳೆದುಹೋಯಿತು, ಮರುವರ್ಷವೂ ಅಷ್ಟೇ. ಒಬ್ಬ ಮೆಕ್‌ಡೇವಿಡ್‌ನ ಸಂಬಳಕ್ಕಿಂತ ಹೆಚ್ಚು! ಕಪ್ರಿಜೊವ್‌ನ ಅತ್ಯುತ್ತಮ ವರ್ಷಗಳು ಆ ಹೊರೆಯ ಕೆಳಗೆ ಕಳೆದವು. ಅವನು ಮೊದಲ ಸುತ್ತು ದಾಟಲಿಲ್ಲ ಎಂದು ದೂರುವ ಮುನ್ನ ಇದನ್ನು ನೆನೆಯಬೇಕು.

ಪುಟ್ಟ: ಆದರೆ ಮಾವ, ಒವೆಚ್ಕಿನ್‌ಗೆ 13 ವರ್ಷ ಕೊಟ್ಟಿದ್ದರು. ಹತ್ತನೆಯ ವರ್ಷದಲ್ಲಿ ಕಪ್ ಬಂತು. ಪಿಟ್ಸ್‌ಬರ್ಗ್‌ನ ಕ್ರಾಸ್ಬಿಗೆ 12 ವರ್ಷ, 87 ಲಕ್ಷದಂತೆ. ಅದರಲ್ಲಿ 2016, 2017 ಎರಡು ಕಪ್. ಕೊನೆಯ ವರ್ಷಗಳಲ್ಲಿ ಆ 87 ಲಕ್ಷ ತಂಡಕ್ಕೆ ಬಹಳ ಅಗ್ಗವಾಗಿತ್ತು.

ನಾನು: ಒವೆಚ್ಕಿನ್‌ಗೆ ಆಗ 23, ಕ್ರಾಸ್ಬಿಗೆ 26. ಏರುವ ವಯಸ್ಸನ್ನು ಕೊಂಡರು.

ಪುಟ್ಟ: ಡಿಪಿಯೆಟ್ರೊಗೆ 24 ಇತ್ತಲ್ಲ?

ನಾನು: ಇತ್ತು. ನ್ಯೂಯಾರ್ಕ್ ಐಲ್ಯಾಂಡರ್ಸ್ 2006ರಲ್ಲಿ ಆ ಗೋಲ್‌ಕೀಪರ್‌ಗೆ 15 ವರ್ಷ, 6.75 ಕೋಟಿ ಕೊಟ್ಟರು. ಗಾಯದ ಮೇಲೆ ಗಾಯ. 2013ರಲ್ಲಿ ಕೈಬಿಟ್ಟರು. ಈಗಲೂ ವರ್ಷಕ್ಕೆ 15 ಲಕ್ಷ ಡಾಲರ್ ಕೊಡುತ್ತಿದ್ದಾರೆ, 2029ರವರೆಗೂ ಕೊಡಬೇಕು. ವಯಸ್ಸು ಚಿಕ್ಕದಿದ್ದರೂ ದೇಹವನ್ನು 15 ವರ್ಷಕ್ಕೆ ಮುಂಗಡವಾಗಿ ಕೊಳ್ಳಲಾಗುವುದಿಲ್ಲ ಎಂಬುದಕ್ಕೆ ಅವನಿಗಿಂತ ಸಾಕ್ಷಿ ಬೇಡ.

ಅತ್ತಿಗೆ: ಬೊಬ್ರೋವ್ಸ್ಕಿ ಫ್ಲಾರಿಡಾಕ್ಕೆ ಸಹಿ ಹಾಕಿದ್ದು 30ರಲ್ಲಿ, 7 ವರ್ಷಕ್ಕೆ. ಎರಡು ಕಪ್ ಗೆದ್ದಾಗ ಅವನಿಗೆ 35, 36. ನಿಮ್ಮ ವಯಸ್ಸಿನ ಲೆಕ್ಕಕ್ಕೆ ಇವನು ಹೊಂದುವುದಿಲ್ಲ.

ನಾನು: ಮಧ್ಯದ ವರ್ಷಗಳನ್ನೂ ಹೇಳಿ ಅತ್ತಿಗೆ. 2023ರ ಪ್ಲೇಆಫ್ ಶುರುವಾದಾಗ 1 ಕೋಟಿಯ ಬೊಬ್ರೋವ್ಸ್ಕಿ ಬೆಂಚಿನ ಮೇಲೆ ಕೂತಿದ್ದ, ಗೋಲಿನ ಮುಂದೆ ಲಾಯನ್ ಎಂಬ ಕಡಿಮೆ ಸಂಬಳದ ಹುಡುಗ ನಿಂತಿದ್ದ. ಆ ಹೊತ್ತಿಗೆ ಒಪ್ಪಂದದ ನಾಲ್ಕನೆಯ ವರ್ಷ. ಆಮೇಲೆ ಅವನು ಎದ್ದು ನಿಂತದ್ದು ಅಮೋಘ, ಕೈ ಮುಗಿಯಬೇಕು. ಹಾಗೆಂದು ನಾಲ್ಕು ವರ್ಷ ಕಾಯುವ ಗಟ್ಟಿತನ ಎಲ್ಲ ತಂಡಗಳಿಗೂ ಇರುವುದಿಲ್ಲ.

ಅತ್ತಿಗೆ: ವರ್ಷ ಕಡಿಮೆ ಮಾಡಿದರೆ ಆಟಗಾರ ಮೊತ್ತ ಹೆಚ್ಚಿಸುತ್ತಾನೆ, ಅದನ್ನೂ ಯೋಚಿಸಿ. ಮೊಣಕಾಲು ನಾಳೆ ಹೋಗಬಹುದು ಎಂಬ ಭಯ ಅವನಿಗೂ ಇದೆ. ಆ ಭಯದ ಬೆಲೆಯೇ ಎಂಟು ವರ್ಷ.

ಚಿಕ್ಕಪ್ಪ: ಹಾಗೆ ಹೇಳಮ್ಮ. ತಂಡ ಕೊಟ್ಟ ಮಾತನ್ನು ನಂಬಿ ಕುಳಿತ ಆಟಗಾರನ ಕಥೆ ಯಾರೂ ಎತ್ತಲಿಲ್ಲ. ಲೆಮ್ಯೂ ಪಿಟ್ಸ್‌ಬರ್ಗ್‌ಗೆ ಎರಡು ಕಪ್ ತಂದುಕೊಟ್ಟ, ಬೆನ್ನುನೋವಿನಲ್ಲೇ ಆಡಿದ, ಕ್ಯಾನ್ಸರ್ ಗೆದ್ದು ಬಂದು ಆಡಿದ. ಅವನ ಸಂಬಳದಲ್ಲಿ ದೊಡ್ಡ ಭಾಗವನ್ನು ಮುಂದೆ ಕೊಡುತ್ತೇವೆ ಎಂದು ಬಾಕಿ ಇಟ್ಟರು. 1998ರಲ್ಲಿ ತಂಡವೇ ದಿವಾಳಿ. ಬಾಕಿ 3 ಕೋಟಿ ಡಾಲರಿಗೂ ಹೆಚ್ಚು. ಆ ಸಾಲದ ಬಹುಪಾಲನ್ನು ಷೇರಾಗಿ ಬದಲಿಸಿಕೊಂಡು 1999ರಲ್ಲಿ ಅವನೇ ಮಾಲೀಕನಾದ, ತಂಡ ಊರು ಬಿಟ್ಟು ಹೋಗದಂತೆ ಉಳಿಸಿದ. ಕ್ರಾಸ್ಬಿ ಬಂದದ್ದು ಆ ಉಳಿದ ತಂಡಕ್ಕೆ. ದೊಡ್ಡ ಒಪ್ಪಂದದಿಂದ ಏನು ಬಂತು ಎಂದು ಕೇಳುವವರಿಗೆ ನಾನು ಪಿಟ್ಸ್‌ಬರ್ಗ್ ತೋರಿಸುತ್ತೇನೆ.

ಭಾವ: ಮಾವ, ಅದು ಲೆಮ್ಯೂನ ದೊಡ್ಡತನ. ಹಾಗೆ ಬರೆದುಕೊಟ್ಟವರ ದೊಡ್ಡತನವಲ್ಲ. ಕೊಡಲಾಗದ್ದನ್ನು ಬರೆದುಕೊಟ್ಟದ್ದೇ ದಿವಾಳಿಗೆ ಒಂದು ಕಾರಣ. ಇನ್ನೊಂದು ವಿಷಯ, ಲೀಗ್‌ಗೂ ಈ ಉದ್ದದ ಭಯ ಹತ್ತಿದೆ. 2013ರಲ್ಲಿ ತಂಡದವನೇ ಆದ ಆಟಗಾರನಿಗೆ 8, ಹೊರಗಿನಿಂದ ಬರುವವನಿಗೆ 7 ವರ್ಷ ಎಂದು ಒಪ್ಪಂದದ ಉದ್ದಕ್ಕೆ ಮಿತಿ ಹಾಕಿದರು. 2026ರಲ್ಲಿ ಜಾರಿಗೆ ಬರುವ, ಲೀಗ್ ಮತ್ತು ಆಟಗಾರರ ಸಂಘದ ಹೊಸ ಒಪ್ಪಂದದಲ್ಲಿ ಅದು 7 ಮತ್ತು 6. ಕಪ್ರಿಜೊವ್ ಬಾಗಿಲು ಮುಚ್ಚುವ ಮುನ್ನ ಎಂಟಕ್ಕೆ ಸಹಿ ಹಾಕಿಸಿಕೊಂಡ.

ಚಿಕ್ಕಪ್ಪ: ಸಿಕ್ಕುವಾಗ ತೆಗೆದುಕೊಳ್ಳುವುದು ತಪ್ಪೇ?

ಅಕ್ಕ: ಆಟಗಾರನ ತಪ್ಪು ಎಂದು ಯಾರೂ ಹೇಳಲಿಲ್ಲ ಚಿಕ್ಕಪ್ಪ.

ಅತ್ತಿಗೆ: ಮೆಕ್‌ಡೇವಿಡ್‌ನದ್ದು ಬರೀ ತ್ಯಾಗ ಎಂದೂ ಯಾರೂ ತಿಳಿಯಬೇಡಿ. ಆ ಎರಡು ವರ್ಷ ಮುಗಿಯುವುದು 2028ರ ಬೇಸಿಗೆಯಲ್ಲಿ. 2027-28ರ ಮಿತಿ 11.35 ಕೋಟಿ ಎಂದು ಅಂದಾಜಿದೆ. ಒಬ್ಬ ಆಟಗಾರನಿಗೆ ಮಿತಿಯ ಶೇ 20ರವರೆಗೆ ಕೊಡಬಹುದು, ಅಂದರೆ ಆ ಮಿತಿಯಲ್ಲೇ 2.27 ಕೋಟಿ. ಅವನಿಗೆ ಆಗ 31. ತಂಡಕ್ಕೆ ಅವನು ಕೊಟ್ಟಿರುವುದು ಎರಡು ವರ್ಷದ ಗಡುವು.

ನಾನು: ಆ ಎರಡು ವರ್ಷಕ್ಕೆ ಅವನು ಬಿಟ್ಟುಕೊಟ್ಟ ಹಣದಲ್ಲಿ ಒಬ್ಬ ಒಳ್ಳೆಯ ಡಿಫೆಂಡರ್ ಬರುತ್ತಾನೆ. ಹಾಲೊವೇಯಂಥವನು ಕೈತಪ್ಪುವುದಿಲ್ಲ. ಗೆಲ್ಲುವುದಾದರೆ ಹೀಗೇ ಗೆಲ್ಲಬೇಕು.

ಪುಟ್ಟ: ಕಪ್ ಬಂದರೆ 2028ರಲ್ಲಿ ಅವನು ಎಷ್ಟು ಕೇಳಿದರೂ ಎಡ್ಮಂಟನ್ ಕೊಡಲಿ.

ಭಾವ: 31ರವನಿಗೆ? ಏಳು ವರ್ಷ?

ಪುಟ್ಟ: ಹೌದು ಅಪ್ಪ.

ಭಾವ: ಕಪ್ ಬರದಿದ್ದರೆ?

ಪುಟ್ಟ: ಬರದಿದ್ದರೂ ಕೊಡಲಿ.

ಚಿಕ್ಕಪ್ಪ: ನಾನೂ ಅದನ್ನೇ ಹೇಳುತ್ತೇನೆ.