ಗುತ್ತಿಗೆದಾರ ಬದಲಾಗ್ತಿದ್ದಾರೆ, ಹಳೇ ಪಿಎಫ್ ತೆಗೀಬೇಕಾ, ಬಿಡಬೇಕಾ?

ಗಿಣಿಗೇರಿ ಫಿಟ್ಟರ್:
ಗಿಣಿಗೇರಿ ಹತ್ತಿರದ ಒಂದು ಕಾರ್ಖಾನೆಯಲ್ಲಿ ಗುತ್ತಿಗೆ ಮೇಲೆ ಐಟಿಐ ಫಿಟ್ಟರ್. ನಾಲ್ಕು ವರ್ಷಕ್ಕೆ ಇದು ಮೂರನೇ ಗುತ್ತಿಗೆದಾರ. ಗೇಟು ಅದೇ, ಮಷೀನು ಅದೇ, ವೇತನ ಚೀಟಿ ಮೇಲಿನ ಹೆಸರು ಮಾತ್ರ ಬೇರೆ. ಹೊಸಬರು "ಆಧಾರ್ ಕೊಡು, ಹೊಸ ಪಿಎಫ್ ನಂಬರ್ ಮಾಡ್ತೀವಿ, ಹಳೇ ದುಡ್ಡು ತಗೊಂಬಿಡು" ಅಂತಿದ್ದಾರೆ. ಹಳಬರು ಕಡೇ ಎರಡು ತಿಂಗಳು ಹಿಡಿದ ಪಿಎಫ್ ಪಾಸ್‌ಬುಕ್‌ನಲ್ಲಿ ಬಂದಿಲ್ಲ. ಮುಂದೆ ತೋರಣಗಲ್ಲು ಕಡೆ ಕೆಲಸಕ್ಕೆ ಪ್ರಯತ್ನ ಮಾಡೋದಿದೆ, ಅನುಭವಪತ್ರ ಕೇಳ್ತಾರಂತೆ. ಯಾವುದು ಮೊದಲು?

ಲೆಕ್ಕದ ಪುಸ್ತಕ:
"ಹೊಸ ನಂಬರ್" ಅನ್ನೋ ಮಾತಲ್ಲೇ ಗೊಂದಲ ಇದೆ. ನಂಬರ್ ಎರಡು. ಮೆಂಬರ್ ಐಡಿ ಗುತ್ತಿಗೆದಾರರದ್ದು, ಅವರು ಬದಲಾದಾಗಲೆಲ್ಲ ಬದಲಾಗುತ್ತೆ, ಅದು ಸರಿಯೇ. 12 ಅಂಕಿಯ ಯುಎಎನ್ (ಎಲ್ಲಾ ಪಿಎಫ್ ಖಾತೆಗೂ ಒಂದೇ ಆಗಿರೋ ಸಂಖ್ಯೆ) ನಿಮ್ಮದು, ಅದು ಬದಲಾಗಬಾರದು. ಸೇರುವಾಗ ಸಹಿ ಹಾಕಿಸೋ ಫಾರ್ಮ್ 11ರಲ್ಲಿ ಹಳೇ ಯುಎಎನ್ ನೀವೇ ಬರೆಯಿರಿ. "ಹಿಂದೆ ಸದಸ್ಯನಾಗಿರಲಿಲ್ಲ" ಅನ್ನೋ ಕಡೆ ಗುರುತು ಹಾಕಿ, ಉಳಿದದ್ದು ಖಾಲಿ ಬಿಟ್ಟು ಸಹಿ ತಗೊಳ್ಳೋದು ಮಾಮೂಲು, ಹಾಗಾಗಿ ಓದದೆ ಸಹಿ ಬೇಡ.

ದುಡ್ಡು ತೆಗೆಯೋ ಸಲಹೆ ಅವರ ಅನುಕೂಲಕ್ಕೆ, ನಿಮ್ಮದಕ್ಕಲ್ಲ. ಪಿಎಫ್ ಜೊತೆಗಿರೋ ಪಿಂಚಣಿಗೆ 10 ವರ್ಷದ ಸೇವೆ ಬೇಕು. ಪಿಂಚಣಿ ಭಾಗ ತೆಗೆದರೆ ನಾಲ್ಕು ವರ್ಷ ಅಳಿಸಿಹೋಗಿ ಎಣಿಕೆ ಮತ್ತೆ ಒಂದರಿಂದ ಶುರು. ಐದು ವರ್ಷ ತುಂಬದೆ ತೆಗೆದ ಮೊತ್ತ 50,000 ದಾಟಿದರೆ ಟಿಡಿಎಸ್ (ಕೊಡೋ ಮೊದಲೇ ಹಿಡಿಯೋ ತೆರಿಗೆ) ಬೇರೆ. ತೆಗೀಬೇಡಿ, ವರ್ಗಾಯಿಸಿ. ವರ್ಗಾವಣೆ ಆದಮೇಲೆ ಪಾಸ್‌ಬುಕ್‌ನ ಪಿಂಚಣಿ ಕಾಲಂನಲ್ಲಿ ಸೊನ್ನೆ ಕಾಣುತ್ತೆ, ಗಾಬರಿ ಬೇಡ. ಅಲ್ಲಿ ದುಡ್ಡು ಸಾಗೋದಿಲ್ಲ, ಸೇವೆಯ ಲೆಕ್ಕ ಮಾತ್ರ ಸಾಗುತ್ತೆ.

ಕುಡಿತಿನಿ ಶಿಫ್ಟ್:
ಮೊದಲು ಆ ಎರಡು ತಿಂಗಳು ಹಿಡೀರಿ, ಉಳಿದದ್ದು ಆಮೇಲೆ. ಒಂದು ತಿಂಗಳ ಪಿಎಫ್ ಮುಂದಿನ ತಿಂಗಳ 15ರೊಳಗೆ ಕಟ್ಟಬೇಕು. ಪಾಸ್‌ಬುಕ್ ತಡವಾಗಿರಬಹುದು, ಅದಕ್ಕೇ ಪಿಎಫ್ ನೋಡಿಕೊಳ್ಳೋ ಸಂಸ್ಥೆ ಇಪಿಎಫ್‌ಒ ಜಾಲತಾಣದ "ಎಸ್ಟಾಬ್ಲಿಷ್‌ಮೆಂಟ್ ಸರ್ಚ್"ನಾಗ ಗುತ್ತಿಗೆದಾರರ ಹೆಸರು ಹಾಕಿ ಪಾವತಿ ವಿವರ ತೆಗೀರಿ. ಯಾವ ತಿಂಗಳಿಗೆ ಎಷ್ಟು ಮಂದಿಗೆ ಕಟ್ಟ್ಯಾರ ಅನ್ನೋದು ಅಲ್ಲಿ ಕಾಣ್ತದ. ಮಂದಿ ಸಂಖ್ಯೆ ಒಮ್ಮೆಗೇ ಇಳಿದಿದ್ರ ಕೆಲವರನ್ನ ಕೈಬಿಟ್ಟಿರಬಹುದು.

ಕಟ್ಟಿಲ್ಲ ಅಂದ್ರ ಇಪಿಎಫ್‌ಒದ ದೂರು ತಾಣ ಇಪಿಎಫ್‌ಐಜಿಎಂಎಸ್‌ನಾಗ ದೂರು ಹಾಕ್ರಿ, ಆ ಎರಡು ತಿಂಗಳ ವೇತನ ಚೀಟಿ ಜೋಡಿಸ್ರಿ. ಕಾರ್ಖಾನೆಯ ಎಚ್‌ಆರ್‌ಗೂ ಬರಹದಾಗ ಒಂದು ಪ್ರತಿ ಕೊಡ್ರಿ. ಗುತ್ತಿಗೆದಾರ ಕಟ್ಟದಿದ್ರ ಮೂಲ ಮಾಲೀಕ, ಅಂದ್ರ ಕಾರ್ಖಾನೆಯೇ ಹೊಣೆ. ಗುತ್ತಿಗೆದಾರನ ಕಡೇ ಬಿಲ್ ಇನ್ನೂ ಕಾರ್ಖಾನೆ ಕೈಯಾಗ ಇದ್ದಾಗಲೇ ಈ ಪತ್ರಕ್ಕ ಬೆಲೆ. ಬಿಲ್ ಪಾಸಾದ ಮ್ಯಾಲೆ ಯಾರೂ ಫೋನ್ ಎತ್ತೋದಿಲ್ಲ.

ಲೆಕ್ಕದ ಪುಸ್ತಕ:
ಇದಕ್ಕೆ ಒಂದು ಮುಖ್ಯ ಸೇರಿಕೆ. ಹಳಬರು ನಿರ್ಗಮನ ದಿನಾಂಕ (ನೀವು ಅವರ ಕೆಲಸ ಬಿಟ್ಟ ದಿನ) ಹಾಕದಿದ್ದರೆ ವರ್ಗಾವಣೆ ನಿಲ್ಲುತ್ತೆ. ಕಡೇ ಜಮೆಯಾಗಿ ಎರಡು ತಿಂಗಳಾದಮೇಲೆ ಯುಎಎನ್ ಪೋರ್ಟಲ್‌ನ "ಮಾರ್ಕ್ ಎಗ್ಜಿಟ್"ನಲ್ಲಿ ಆಧಾರ್ ಒಟಿಪಿ ಹಾಕಿ ನೀವೇ ನಮೂದಿಸಬಹುದು. ಆದರೆ ಅದು ಕಡೇ ಜಮೆಯಾದ ತಿಂಗಳೊಳಗಿನ ದಿನಾಂಕವನ್ನೇ ಒಪ್ಪುತ್ತೆ. ಬಾಕಿ ಕಟ್ಟಿಸದೆ ಅವಸರ ಮಾಡಿದರೆ ಆ ಎರಡು ತಿಂಗಳ ಸೇವೆ ನೀವೇ ಬಿಟ್ಟುಕೊಟ್ಟ ಹಾಗೆ. ಹೊಸಬರು ಹಾಕುವ ಸೇರ್ಪಡೆ ದಿನಾಂಕ ಹಳೇ ನಿರ್ಗಮನಕ್ಕಿಂತ ಮುಂಚೆ ಬಿದ್ದರೂ ತೊಡಕು: ಸೇವೆ ಒಂದರ ಮೇಲೊಂದು ಬಿದ್ದಿದೆ ಅಂತ ಸ್ಪಷ್ಟನೆ ಕೇಳಬಹುದು.

ಗಿಣಿಗೇರಿ ಫಿಟ್ಟರ್:
ಚೀಟಿ ತೆಗೆದು ನೋಡಿದೆ. ಮೂಲವೇತನ, ಡಿಎ (ತುಟ್ಟಿಭತ್ಯೆ) ಸೇರಿ 14,000. ಪಿಎಫ್ ಹಿಡಿದದ್ದು 3,360. ಇದು ಸರಿಯಾ?

ಲೆಕ್ಕದ ಪುಸ್ತಕ:
ಸರಿಯಲ್ಲ. ನಿಮ್ಮ ಪಾಲು 12%, ಅಂದರೆ 1,680. ಇನ್ನೊಂದು 1,680 ಮಾಲೀಕರ ಪಾಲು: ಅದರಲ್ಲಿ 14,000ದ 8.33%, ಅಂದರೆ 1,166 ಪಿಂಚಣಿಗೆ, ಉಳಿದ 514 ಪಿಎಫ್‌ಗೆ. ಅದನ್ನೂ ನಿಮ್ಮ ಕೂಲಿಯಿಂದ ಕತ್ತರಿಸೋದು ಕಾನೂನುಬಾಹಿರ. ದೂರಿನಲ್ಲಿ ಇದನ್ನು ಬೇರೆ ಅಂಶವಾಗಿ ಬರೆಯಿರಿ, ಬಾಕಿ ವಿಷಯದ ಜೊತೆ ಕಲಸಬೇಡಿ.

ಶಕ್ತಿನಗರ ಎಲೆಕ್ಟ್ರಿಷಿಯನ್:
ಇಎಸ್‌ಐ (ಕಾರ್ಮಿಕರ ಆರೋಗ್ಯ ವಿಮೆ) ಬಗ್ಗೆ ಯಾರೂ ಹೇಳಿಲ್ಲ. ಅಲ್ಲೂ ಹಳೇ ವಿಮಾ ಸಂಖ್ಯೆಯೇ ಮುಂದುವರಿಯಬೇಕು. ಕಾಯಿಲೆ ರಜೆಯ ಭತ್ಯೆಗೆ ಆರು ತಿಂಗಳ ವಂತಿಗೆ ಅವಧಿಯಲ್ಲಿ 78 ದಿನ ತುಂಬಿರಬೇಕು. ಹೊಸ ಸಂಖ್ಯೆ ಮಾಡಿಸಿದರೆ ಆ ದಿನಗಳು ಎರಡು ಕಡೆ ಹಂಚಿ, ಎಲ್ಲೂ 78 ಆಗದೇ ಹೋಗಬಹುದು.

ಅನುಭವಪತ್ರಕ್ಕೆ ಬಂದರೆ, "ಚೆನ್ನಾಗಿ ಕೆಲಸ ಮಾಡಿದ್ದಾರೆ" ಅನ್ನೋ ಪತ್ರದಿಂದ ಉಪಯೋಗ ಇಲ್ಲ. ಟ್ರೇಡ್, ಕೆಲಸ ಮಾಡಿದ ವಿಭಾಗ, ವರ್ಕ್ ಆರ್ಡರ್ ಸಂಖ್ಯೆ, ಸೇರಿದ ಮತ್ತು ಬಿಟ್ಟ ದಿನಾಂಕ ಇರಲಿ. ಪಂಪ್ ಅಲೈನ್‌ಮೆಂಟ್, ಬೇರಿಂಗ್ ಬದಲಾವಣೆ, ಕನ್ವೇಯರ್ ಅಂತ ಮಾಡಿದ ಕೆಲಸದ ಹೆಸರೂ ಬರಲಿ. ಸಾಧ್ಯವಾದರೆ ವಿಭಾಗದ ಎಂಜಿನಿಯರ್ ಸಹಿ ಹಾಕಿಸಿ. ಗುತ್ತಿಗೆದಾರ ಪತ್ರ ಕೊಡದೆ ಸತಾಯಿಸಿದರೆ ಯುಎಎನ್ ಪೋರ್ಟಲ್‌ನ ಸೇವಾ ಇತಿಹಾಸ ಮುದ್ರಿಸಿಕೊಳ್ಳಿ. ಮೂವರು ಗುತ್ತಿಗೆದಾರರ ಹೆಸರೂ ದಿನಾಂಕದ ಸಮೇತ ಅದರಲ್ಲೇ ಇರುತ್ತೆ, ದಿನಾಂಕ ತಿದ್ದಿದ ಪತ್ರಕ್ಕಿಂತ ಇದನ್ನೇ ನಂಬುತ್ತಾರೆ.

2025ರ ನವೆಂಬರ್ 21ರಿಂದ ಜಾರಿಯಾದ ಕಾರ್ಮಿಕ ಸಂಹಿತೆಗಳಲ್ಲಿ ನೇಮಕಾತಿ ಪತ್ರ ಕಡ್ಡಾಯ. ಹೊಸಬರ ಹತ್ತಿರ ಮೊದಲ ದಿನವೇ ಕೇಳಿ.

ಗಿಣಿಗೇರಿ ಫಿಟ್ಟರ್:
ಹಳೇ ಗೇಟ್‌ಪಾಸ್ ನಾಳೆ ವಾಪಸ್ ಕೊಡಬೇಕಂತೆ. ಜೆರಾಕ್ಸ್ ಸಾಕಾ?

ಕುಡಿತಿನಿ ಶಿಫ್ಟ್:
ಸಾಕು, ಆದ್ರ ಎರಡೂ ಬದಿ ಮಾಡಿಸ್ರಿ. ಸೇಫ್ಟಿ ತರಬೇತಿ ಮುದ್ರೆ, ಅವಧಿ ದಿನಾಂಕ ಹಿಂದಿನ ಬದಿಗೂ ಇರಬಹುದು. ವಾಪಸ್ ಕೊಟ್ಟಿದ್ದಕ್ಕ ಸಹಿ ಹಾಕಿಸ್ಕೊಳ್ಳೋದು ಮರೀಬ್ಯಾಡ್ರಿ, "ಪಾಸ್ ಕೊಟ್ಟಿಲ್ಲ" ಅಂತಲೇ ಕಡೇ ತಿಂಗಳ ಪಗಾರ ನಿಲ್ಲಿಸ್ತಾರ.