ಎಚ್‌ಎಂಟಿ ಜನತಾಗೆ ನೈಲಾನ್ ಬೆಲ್ಟ್: ಯಾವ ದಪ್ಪ, ಎಷ್ಟು ಉದ್ದ?

ಕೀಲಿಕೈ_18

ನಮಸ್ಕಾರ. ಎರಡು ವಾಚಿಗೆ ಬಟ್ಟೆ ಬೆಲ್ಟ್ ಹಾಕಬೇಕು. ಒಂದು ಹಳೇ ಎಚ್‌ಎಂಟಿ ಜನತಾ, ಕೀಲಿ ಕೊಡೋದು, ಲಗ್‌ಗಳ (ಬೆಲ್ಟ್ ಸಿಕ್ಕಿಸೋ ಕೇಸಿನ ಕೊಂಬುಗಳ) ನಡುವೆ 18 ಮಿ.ಮೀ. ಇನ್ನೊಂದು ಕ್ಯಾಸಿಯೊ ಡ್ಯೂರೊ, 22 ಮಿ.ಮೀ. ಮಣಿಕಟ್ಟಿನ ಸುತ್ತಳತೆ 16 ಸೆಂ.ಮೀ. ಇರೋದು ಕರಾವಳಿಯಲ್ಲಿ, ಬೇಸಿಗೆಯಲ್ಲಿ ಬೆವರು, ಜೂನ್ ನಂತರ ಮಳೆ. ಚರ್ಮದ ಬೆಲ್ಟಿಗೆ ಬೂಷ್ಟು ಹಿಡಿಯುತ್ತೆ, ಅದಕ್ಕೇ ನೈಲಾನ್.

ಗೊಂದಲ ಇರೋದು ಇಷ್ಟು. ನೇಟೊ, ಜುಲು, ಸಿಂಗಲ್ ಪಾಸ್ ಅಂತಾರಲ್ಲ, ವ್ಯತ್ಯಾಸ ಏನು, ಯಾವ ವಾಚಿಗೆ ಯಾವುದು? ನೂರೈವತ್ತು ರೂಪಾಯಿಗೂ ಸಿಗುತ್ತೆ, ಅದರ ಹತ್ತು ಪಟ್ಟಿಗೂ ಸಿಗುತ್ತೆ. ಕೈಯಲ್ಲಿ ಹಿಡಿದು ನೋಡಿದಾಗ ಏನನ್ನು ಗಮನಿಸಬೇಕು? ಎಲ್ಲ ಕಡೆ 280 ಮಿ.ಮೀ. ಉದ್ದ ಅಂತಿದೆ, ನನ್ನ ಕೈಗೆ ಜಾಸ್ತಿ ಆಗುತ್ತಾ? ಕೊನೆಯದಾಗಿ, ತೂತುಗಳ ಅಂಚಲ್ಲಿ ನೂಲು ಬಿಚ್ಚಿಕೊಳ್ಳದ ಹಾಗೆ ಏನು ಮಾಡಬಹುದು?

ಲಗ್‌ಬಾರ್

ಬೆಲ್ಟಿಗಿಂತ ಮೊದಲು ಪಿನ್ ನೋಡಿ, ಅಂದರೆ ಲಗ್‌ಗಳ ನಡುವೆ ಕೂತು ಬೆಲ್ಟನ್ನ ಹಿಡಿಯೋ ಸಣ್ಣ ಕಡ್ಡಿ. ನೈಲಾನ್ ಬೆಲ್ಟ್ ಹರಿದು ವಾಚ್ ಬಿದ್ದದ್ದು ಅಪರೂಪ. ಸ್ಪ್ರಿಂಗ್ ಪಿನ್ ಜಾರಿ ಬೀಳೋದೇ ಹೆಚ್ಚು. ಜನತಾದಲ್ಲಿರೋ ಪಿನ್ ವಾಚಿನಷ್ಟೇ ಹಳೆಯದಾಗಿದ್ದರೆ ಒಳಗಿನ ಸ್ಪ್ರಿಂಗ್ ತುಕ್ಕು ಹಿಡಿದಿರುತ್ತೆ. ಎರಡನ್ನೂ ಬದಲಾಯಿಸಿ. 18 ಮಿ.ಮೀ. ಉದ್ದ, 1.5 ಮಿ.ಮೀ. ದಪ್ಪದ ಸ್ಟೀಲ್ ಪಿನ್ ಕೇಳಿ. ಹಾಕುವ ಮೊದಲು ಲಗ್‌ನ ಸಣ್ಣ ಗುಳಿಗಳಲ್ಲಿ ಕೂತಿರೋ ಕೊಳೆಯನ್ನ ಹಲ್ಲುಕಡ್ಡಿಯಿಂದ ತಿರುವಿ ತೆಗೆಯಿರಿ. ಕೊಳೆ ಇದ್ದರೆ ಪಿನ್ನಿನ ಮೂತಿ ಪೂರ್ತಿ ಒಳಗೆ ಕೂರಲ್ಲ. ಕೂತ ಮೇಲೆ ಮರದ ಕಡ್ಡಿಯಿಂದ ಪಿನ್ನನ್ನ ಆ ಕಡೆ ಈ ಕಡೆ ಒತ್ತಿ ನೋಡಿ. ತಿರುಗಬಹುದು, ಆದರೆ ಜಾಗ ಬಿಡಬಾರದು.

ಈಗ ಹೆಸರುಗಳು. ಬ್ರಿಟನ್ನಿನ ರಕ್ಷಣಾ ಇಲಾಖೆ 1973ರಲ್ಲಿ ಡಿಫೆನ್ಸ್ ಸ್ಟ್ಯಾಂಡರ್ಡ್ 66-15 ಅಂತ ಒಂದು ನಿಯಮಪತ್ರ ತಂದಿತು: 20 ಮಿ.ಮೀ. ಅಗಲದ ಬೂದು ನೈಲಾನ್ ಪಟ್ಟಿ, ಅದಕ್ಕೆ ಅಂಟಿದ ಎರಡನೇ ಚಿಕ್ಕ ಪಟ್ಟಿ. ಸೈನಿಕರು ಅದನ್ನು ಪಡೆಯೋಕೆ ಜಿ1098 ಅನ್ನೋ ಫಾರ್ಮ್ ತುಂಬಬೇಕಿತ್ತು, ಅದರಿಂದ ಜಿ10 ಅನ್ನೋ ಹೆಸರು. ದಾಸ್ತಾನಿನ ಲೆಕ್ಕಕ್ಕೆ ನೇಟೊ ಸ್ಟಾಕ್ ನಂಬರ್ ಇದ್ದದ್ದರಿಂದ ಅಂಗಡಿಗಳಲ್ಲಿ ಅದೇ ನೇಟೊ ಆಯ್ತು. ಆ ಚಿಕ್ಕ ಪಟ್ಟಿಯ ಕೆಲಸ ಒಂದೇ: ವಾಚ್ ಪಟ್ಟಿಯ ಮೇಲೆ ಉದ್ದಕ್ಕೂ ಜಾರದಂತೆ ತಡೆಯೋದು. ಜುಲು ಅಂದರೆ ಇನ್ನೂ ದಪ್ಪ ನೇಯ್ಗೆ, ಬಾಲ ತೂರಿಸೋ ಲೋಹದ ಬಳೆಗಳು ದುಂಡನೆಯವು, ದೊಡ್ಡವು. ಸಿಂಗಲ್ ಪಾಸ್‌ನಲ್ಲಿ ಆ ಚಿಕ್ಕ ಪಟ್ಟಿ ಇರಲ್ಲ, ವಾಚಿನ ಕೆಳಗೆ ಒಂದೇ ಪದರ. ಮೂರರಲ್ಲೂ ಒಂದು ಪಿನ್ ಕಳಚಿದರೆ ವಾಚ್ ಇನ್ನೊಂದರಲ್ಲಿ ನೇತಾಡುತ್ತೆ, ನೆಲಕ್ಕೆ ಬೀಳಲ್ಲ. ಬಟ್ಟೆ ಬೆಲ್ಟಿಗೆ ಕೊಡೋ ದುಡ್ಡು ಸಾರ್ಥಕ ಆಗೋದು ಇಲ್ಲೇ.

ಉದ್ದದ ಲೆಕ್ಕ: ನಿಮ್ಮ 16 ಸೆಂ.ಮೀ. ಕೈ ಸುತ್ತಿ, ಪಿನ್ನುಗಳ ಮೇಲೆ ಹತ್ತಿ ಇಳಿಯೋಕೆ ಹತ್ತು ಮಿ.ಮೀ. ಸೇರಿಸಿದರೆ ಬಕಲ್‌ನಿಂದ ತೂತಿನವರೆಗೆ ಸುಮಾರು 170 ಮಿ.ಮೀ. 280ರದ್ದು ತಗೊಂಡರೆ 110 ಮಿ.ಮೀ. ಬಾಲ ಉಳಿಯುತ್ತೆ, ಮಡಚಿ ಬಳೆಯೊಳಗೆ ತುರುಕಲೇಬೇಕು. ಹಾಗೆ ತುರುಕಿದರೆ ಅಲ್ಲಿ ಮೂರು ಪದರ, ಶರ್ಟಿನ ತೋಳು ಸಿಕ್ಕಿಕೊಳ್ಳುತ್ತೆ. 250–260ರದ್ದು ಹುಡುಕಿ. ಸಿಗದಿದ್ದರೆ 280 ತಗೊಂಡು ಕತ್ತರಿಸಿ. ಹೇಗೆ ಅನ್ನೋದನ್ನ ಯಾರಾದರೂ ಬರೀತಾರೆ, ಇಲ್ಲಾಂದ್ರೆ ನಾನೇ ಬರೀತೀನಿ.

ಹಾಸುಹೊಕ್ಕು

ಬೆಲೆಯ ವ್ಯತ್ಯಾಸ ಬಣ್ಣದಲ್ಲಿ ಕಾಣಲ್ಲ, ತೂತಿನಲ್ಲಿ ಕಾಣುತ್ತೆ. ಬೆಳಕಿಗೆ ಹಿಡಿದು ನೋಡಿ. ಬಿಸಿಯಿಂದ ಮಾಡಿದ ತೂತಿನ ಅಂಚು ಗಟ್ಟಿ, ನುಣುಪು, ಸ್ವಲ್ಪ ಹೊಳಪು. ಬರೀ ಪಂಚ್ ಹೊಡೆದಿದ್ದರೆ ನೂಲಿನ ತುದಿಗಳು ಒಳಗೆ ಮೀಸೆ ಹಾಗೆ ಚಾಚಿರುತ್ತವೆ. ಅದು ಮೂರು ತಿಂಗಳಲ್ಲಿ ಬಿಚ್ಚಿಕೊಳ್ಳುತ್ತೆ. ಆಮೇಲೆ ಪಟ್ಟಿಯ ಉದ್ದದ ಅಂಚನ್ನ ಉಗುರಿನಿಂದ ಕೆರೆಯಿರಿ. ನೇಯ್ಗೆ ಬಿಗಿ ಇದ್ದರೆ ಉಗುರು ಜಾರುತ್ತೆ, ಸಡಿಲ ಇದ್ದರೆ ನೂಲು ಎದ್ದು ಬರುತ್ತೆ.

ಬಳೆ ಮತ್ತು ಬಕಲ್: ಕರಾವಳಿಗೆ 316ಎಲ್ ಸ್ಟೀಲ್ (ತುಕ್ಕು ತಡೆಯೋ ದರ್ಜೆ) ಬಿಟ್ಟು ಬೇರೆ ಬೇಡ. ಲೇಪನ ಮಾಡಿದ ಹಿತ್ತಾಳೆ ಉಪ್ಪಿನ ಗಾಳಿಗೆ ಹಸಿರು ಬಿಡುತ್ತೆ, ಪಟ್ಟಿಗೂ ಕಲೆ ಮಾಡುತ್ತೆ. ಅಂಗಡಿಯವರು ಅಯಸ್ಕಾಂತ ಹಿಡಿದು ‘ನೋಡಿ ಅಂಟಲ್ಲ, ಒರಿಜಿನಲ್ ಸ್ಟೀಲ್’ ಅಂದರೆ ನಂಬಬೇಡಿ. ಹಿತ್ತಾಳೆಯೂ ಅಂಟಲ್ಲ! ಬಕಲ್ ಕೆಳಗೆ ಮಾತ್ರ ಚರ್ಮ ಕೆಂಪಾಗಿ ತುರಿಸಿದರೆ ಲೇಪನದ ನಿಕ್ಕಲ್ ಕಾರಣ ಇರಬಹುದು. ಪಟ್ಟಿಯ ಕೆಳಗೆ ಉದ್ದಕ್ಕೂ ತುರಿಸಿದರೆ ತೊಳೆದಾಗ ಉಳಿದ ಸೋಪನ್ನೋ ಆರದ ಬೆವರನ್ನೋ ಅನುಮಾನಿಸಿ.

ನೈಲಾನ್ ಮತ್ತು ಪಾಲಿಯೆಸ್ಟರ್ ಒಂದೇ ಅಲ್ಲ. ನೈಲಾನ್ ನೀರು ಹೀರಿ ಒಂಚೂರು ಉದ್ದ ಆಗುತ್ತೆ. ಮಳೆಯಲ್ಲಿ ನೆನೆದಾಗ ವಾಚ್ ಸಡಿಲ ಅನ್ನಿಸೋದು ಅದಕ್ಕೇ. ಈಜುವಾಗ ಒಂದು ತೂತು ಬಿಗಿ ಮಾಡಿಕೊಳ್ಳಿ. ಪಾಲಿಯೆಸ್ಟರ್ ಹೆಚ್ಚುಕಮ್ಮಿ ನೀರೇ ಹೀರಲ್ಲ, ಬೇಗ ಆರುತ್ತೆ, ಬಿಸಿಲನ್ನೂ ಚೆನ್ನಾಗಿ ತಡೆಯುತ್ತೆ. ಸೀಟ್‌ಬೆಲ್ಟ್ ನೇಯ್ಗೆ ಅಂತ ಮಾರೋದರಲ್ಲಿ ಎರಡೂ ಇರುತ್ತವೆ, ಚೀಟಿ ಓದಿ. ಹತ್ತಿ ಕ್ಯಾನ್ವಾಸ್ ನೋಡೋಕೆ ಚಂದ, ನಿಮ್ಮ ಊರಿಗೆ ಬೇಡ. ಬೆವರು ಹೀರಿ ಒದ್ದೆಯಾಗೇ ಇರುತ್ತೆ, ಬೂಷ್ಟಿನ ಕಥೆ ಮತ್ತೆ ಶುರು.

ಕತ್ತರಿಸೋದು, ತೂತು ಮಾಡೋದು. ಕತ್ತರಿಸಬೇಕಾದ ಜಾಗಕ್ಕೆ ಟೇಪ್ ಸುತ್ತಿ, ಟೇಪಿನ ಮೇಲೇ ಹರಿತ ಕತ್ತರಿಯಿಂದ ತುದಿ ದುಂಡಗೆ ಬರೋ ಹಾಗೆ ಕತ್ತರಿಸಿ, ಟೇಪ್ ತೆಗೆಯಿರಿ. ಲೈಟರ್ ಜ್ವಾಲೆಯ ಬುಡದ ನೀಲಿ ಭಾಗದ ಪಕ್ಕಕ್ಕೆ ತುದಿಯನ್ನ ಮೂರು ಮಿ.ಮೀ. ದೂರ ಹಿಡಿಯಿರಿ, ಒಳಗೆ ತೂರಿಸಬೇಡಿ. ಒಂದೆರಡು ಸೆಕೆಂಡಿಗೆ ನೂಲು ಮುದುಡಿ ಹೊಳೆಯುತ್ತೆ, ಅಲ್ಲಿಗೆ ಸಾಕು. ಕಪ್ಪಾದರೆ ಸುಟ್ಟಿದೆ ಅಂತ ಅರ್ಥ, ಆ ಅಂಚು ಗಾಜಿನ ಹಾಗೆ ಒಡೆದು ಕೈ ಗೀರುತ್ತೆ. ತಕ್ಷಣ ಸ್ಟೀಲ್ ಚಮಚದ ಬೆನ್ನಿಂದ ಒತ್ತಿ ಚಪ್ಪಟೆ ಮಾಡಿ. ಬೆರಳಿಂದ ಒತ್ತಬೇಡಿ, ಕರಗಿದ ನೈಲಾನ್ 220 ಡಿಗ್ರಿಗಿಂತ ಹೆಚ್ಚು ಬಿಸಿ ಇರುತ್ತೆ, ಚರ್ಮಕ್ಕೆ ಅಂಟಿದರೆ ಬಿಡಲ್ಲ.

ತೂತಿಗೆ ದಪ್ಪ ಗೋಣಿ ಸೂಜಿ. ಇಕ್ಕಳದಲ್ಲಿ ಹಿಡಿದು ಕಾಯಿಸಿ, ನೇರ ಚುಚ್ಚಿ, ಒಂದು ಸೆಕೆಂಡ್ ಒಳಗೇ ತಿರುಗಿಸಿ ಎಳೆಯಿರಿ. ತಿರುಗಿಸದಿದ್ದರೆ ಆರುವಾಗ ಅಂಟಿಕೊಳ್ಳುತ್ತೆ. ಪಕ್ಕದ ತೂತಿನಿಂದ ಆರೇಳು ಮಿ.ಮೀ. ದೂರ ಇರಲಿ. ಬಕಲ್ ನಾಲಿಗೆಗಿಂತ ಕೂದಲೆಳೆ ದೊಡ್ಡದಾದರೆ ಸಾಕು. ಹಳೇ ತೂತು ನೂಲು ಬಿಡ್ತಿದ್ದರೂ ಇದೇ ಮದ್ದು, ಕಾಯಿಸಿದ ಸೂಜಿಯನ್ನ ಒಳಗೆ ಒಮ್ಮೆ ಆಡಿಸಿ. ಕಿಟಕಿ ತೆರೆದಿಟ್ಟು ಮಾಡಿ, ಹೊಗೆ ಒಳ್ಳೇದಲ್ಲ. ಡ್ರಿಲ್ ಮಾತ್ರ ಮುಟ್ಟಬೇಡಿ, ನೇಯ್ಗೆಯ ನೂಲನ್ನೇ ಸುತ್ತಿಕೊಂಡು ಎಳೆದು ಹಾಕುತ್ತೆ.

ಹಿತ್ತಾಳೆ_ಕೇಸ್

ಡ್ಯೂರೊಗೆ ಏನು ಹಾಕಿದರೂ ನಡೆಯುತ್ತೆ. 200 ಮೀಟರ್ ನೀರು ತಡೆಯೋ ವಾಚು, ಸ್ಟೀಲ್ ಕೇಸು. ಆದರೆ ಅದು ಮೊದಲೇ 12 ಮಿ.ಮೀ. ದಪ್ಪ, ಎರಡು ಪದರದ ನೇಟೊ ಇನ್ನೂ ಎರಡೂವರೆ ಮಿ.ಮೀ. ಎತ್ತುತ್ತೆ. 16 ಸೆಂ.ಮೀ. ಕೈಗೆ ಅದು ಗೋಪುರ. ಒಂದೇ ಪದರದ್ದು ತಗೊಳ್ಳಿ, 1.4 ಮಿ.ಮೀ. ದಪ್ಪದ್ದು, ತೆಳು ಪಟ್ಟಿಯಾದರೆ ಆ ಭಾರಕ್ಕೆ ವಾಚ್ ಹೊರಗಡೆಗೆ ವಾಲುತ್ತೆ.

ತಕರಾರು ಇರೋದು ಜನತಾ ಬಗ್ಗೆ. ಲಗ್‌ಬಾರ್ ಅವರ ಪಿನ್ ಮಾತಿಗೆ ನೂರಕ್ಕೆ ನೂರು ಒಪ್ಪಿಗೆ, ಆದರೆ ಜನತಾಗೆ ಕೆಳಗಿಂದ ಹಾಯೋ ಪಟ್ಟಿಯೇ ಬೇಡ ಅನ್ನೋದು ನನ್ನ ಮಾತು. ಅದರ ಕೇಸು ಕ್ರೋಮ್ ಲೇಪನದ ಹಿತ್ತಾಳೆ. ನೇಯ್ಗೆಯೊಳಗೆ ಸಿಕ್ಕಿದ ಮರಳು ಮತ್ತು ಧೂಳು ಲಗ್‌ಗಳ ಒಳಮೈಯನ್ನ ಉಪ್ಪುಕಾಗದದ ಹಾಗೆ ತಿಕ್ಕುತ್ತೆ. ಕ್ರೋಮ್ ಹೋಗಿ ಹಳದಿ ಕಂಡರೆ ಮುಂದಿನದು ಬೆವರಿನ ಕೆಲಸ. ಮೇಲಾಗಿ ಅದು ನೀರು ತಡೆಯೋ ವಾಚಲ್ಲ. ಒದ್ದೆ ಪಟ್ಟಿ ಹಿಂಬದಿಯ ಮುಚ್ಚಳಕ್ಕೆ ಅಂಟಿಕೊಂಡು ಕೂತರೆ ಗಂಟೆಗಟ್ಟಲೆ ತೇವ ಅಲ್ಲೇ. ಎರಡು ತುಂಡಿನ ನೈಲಾನ್ ಬೆಲ್ಟ್ ಸಿಗುತ್ತೆ, ಚರ್ಮದ್ದರ ಹಾಗೆ ಮೇಲೊಂದು ಕೆಳಗೊಂದು. ಕೆಳಗೆ ಬಟ್ಟೆ ಇಲ್ಲ, ಸಂಜೆ ಒರೆಸಿದರೆ ಮುಗೀತು.

ಲಗ್‌ಬಾರ್

ಹಿತ್ತಾಳೆ ಸವೆಯೋ ಮಾತು ನಿಜ. ಇಂಥ ಪಟ್ಟಿ ಹುಟ್ಟಿದ್ದೇ ಪಿನ್ನಿನ ಬದಲು ಕಂಬಿಯನ್ನ ಕೇಸಿಗೆ ಕಾಯಂ ಕೂರಿಸಿದ ಸೈನ್ಯದ ಸ್ಟೀಲ್ ವಾಚುಗಳಿಗೆ. ಅವಕ್ಕೆ ಎರಡು ತುಂಡಿನ ಮಾಮೂಲಿ ಬೆಲ್ಟ್ ಹಾಕೋಕೇ ಆಗಲ್ಲ. ಜನತಾ ಆ ಜಾತಿಯಲ್ಲ. ಆದರೆ ಎರಡು ತುಂಡಿನದರಲ್ಲಿ ಒಂದು ಪಿನ್ ಹೋದರೆ ವಾಚ್ ಸೀದಾ ನೆಲಕ್ಕೆ. ಗಾಜು, ಬ್ಯಾಲೆನ್ಸ್ ಸ್ಟಾಫ್ (ಒಳಗಿನ ಬ್ಯಾಲೆನ್ಸ್ ಚಕ್ರದ ತೆಳು ಅಚ್ಚು) ಎರಡೂ ಹೋದಾವು. ಹೊಸ ಪಿನ್ ಹಾಕಿದರೆ ಮಾತ್ರ ಹಿತ್ತಾಳೆ_ಕೇಸ್ ಹೇಳಿದ್ದು ಸರಿ.

ಹಾಯೋ ಪಟ್ಟಿಯೇ ಬೇಕು ಅಂದರೆ ಮೊದಲು ಸಂದು ಅಳೆಯಿರಿ. ವಿಸಿಟಿಂಗ್ ಕಾರ್ಡನ್ನ ಲಗ್ ಅಗಲಕ್ಕೆ ಕತ್ತರಿಸಿ, ಪಿನ್ ಮತ್ತು ಕೇಸಿನ ನಡುವೆ ಎಷ್ಟು ಕಾರ್ಡ್ ಆರಾಮಾಗಿ ಹೋಗುತ್ತೆ ನೋಡಿ. ಮಾಮೂಲಿ ಕಾರ್ಡ್ 0.3 ಮಿ.ಮೀ. ಆಸುಪಾಸು, ನಾಲ್ಕು ಹೋದರೆ 1.2ರ ಪಟ್ಟಿ ಹೋಗುತ್ತೆ. ಇಕ್ಕಳದಲ್ಲಿ ಎಳೆದು ಹಾಯಿಸಬೇಕಾಗಿ ಬಂದರೆ ಆ ಪಟ್ಟಿ ನಿಮ್ಮದಲ್ಲ. ಅದು ಪಿನ್ನನ್ನ ಸದಾ ಹೊರಕ್ಕೆ ಬಾಗಿಸ್ತಾ ಇರುತ್ತೆ, ಒಂದಿನ ಮೂತಿ ಗುಳಿಯಿಂದ ಆಚೆ.

ಕೀಲಿಕೈ_18

ಕಾರ್ಡ್ ಹಾಕಿ ನೋಡಿದೆ. ಜನತಾದಲ್ಲಿ ಮೂರು ಸಲೀಸು, ನಾಲ್ಕನೆಯದು ಒತ್ತಿದರೆ ಮಾತ್ರ. ಡ್ಯೂರೊದಲ್ಲಿ ಆರು ಹೋಗುತ್ತೆ. ಹಾಯಿಸೋ ದಿಕ್ಕು ಯಾವುದು? ಮತ್ತೆ ತೊಳೆಯೋದು ಎಷ್ಟು ದಿನಕ್ಕೊಮ್ಮೆ?

ಹಾಸುಹೊಕ್ಕು

ಹಾಗಾದರೆ ಜನತಾಗೆ ಎರಡು ತುಂಡಿನದೇ. ಪಿನ್ ಹಾಯೋ ಕೊಳವೆ ಹೊಲಿದದ್ದಾ ಅಂಟಿಸಿದ್ದಾ ನೋಡಿ, ಹೊಲಿದದ್ದೇ ತಗೊಳ್ಳಿ. ಅಂಟಿಸಿದ್ದು ಬೆವರಿಗೆ ಬಿಟ್ಟುಕೊಳ್ಳುತ್ತೆ.

ಡ್ಯೂರೊಗೆ: ಬಕಲ್ 12ರ ಕಡೆ. ಪಟ್ಟಿಯ ತುದಿಯನ್ನ 12ರ ಕಡೆಯ ಪಿನ್ನಿನ ಮೇಲಿಂದ ತಂದು, ಪಿನ್ ಮತ್ತು ಕೇಸಿನ ಸಂದಿನಲ್ಲಿ ಕೆಳಗಿಳಿಸಿ. ವಾಚಿನ ಬೆನ್ನಿನಡಿ ಹಾಯಿಸಿ, 6ರ ಕಡೆಯ ಸಂದಿನಲ್ಲಿ ಮೇಲೆತ್ತಿ ಪಿನ್ನಿನ ಮೇಲೆ ಹೊರಗೆ ಎಳೆಯಿರಿ. ಮೇಲಿಂದ ನೋಡಿದರೆ ಎರಡೂ ಪಿನ್ ಬಟ್ಟೆಯಡಿ ಮುಚ್ಚಿರಬೇಕು. ಚಿಕ್ಕ ಪಟ್ಟಿ ಇರೋ ನೇಟೊ ಕೊಂಡಿದ್ದರೆ ಬಾಲವನ್ನ ಅದರ ತುದಿಯ ಬಳೆಯಲ್ಲೂ ತೂರಿಸಬೇಕು. ಅದು ಬೇಡ ಅನ್ನಿಸಿದರೆ ಬಕಲ್ ಹತ್ತಿರ ಹೊಲಿಗೆಯಿಂದ ಎರಡು ಮಿ.ಮೀ. ಬಿಟ್ಟು ಕತ್ತರಿಸಿ, ಅಂಚು ಕರಗಿಸಿ; ಸಿಂಗಲ್ ಪಾಸ್ ಆಯ್ತು. ಹೊಲಿಗೆ ಮುಟ್ಟಿದರೆ ಬಕಲ್ಲೇ ಕೈಗೆ ಬರುತ್ತೆ. ಆಮೇಲೆ ವಾಚ್ ಬಿಚ್ಚುವಾಗ ಪಟ್ಟಿಯನ್ನಲ್ಲ, ವಾಚನ್ನ ಹಿಡಿಯಿರಿ. ಜಾರದಂತೆ ತಡೆಯೋಕೆ ಈಗ ಏನೂ ಇಲ್ಲ.

ಬಿಗಿ ಎಷ್ಟು? ಬಟ್ಟೆ ರಬ್ಬರಿನ ಹಾಗೆ ಹಿಗ್ಗಲ್ಲ, ಮಧ್ಯಾಹ್ನದ ಸೆಕೆಗೆ ಕೈ ಊದಿಕೊಳ್ಳುತ್ತೆ. ಬೆಳಿಗ್ಗೆ ಸರಿಯಾಗಿದ್ದದ್ದು ಎರಡು ಗಂಟೆಗೆ ಹಿಸುಕುತ್ತೆ. ಬೆಳಿಗ್ಗೆ ಕಿರುಬೆರಳು ತುದಿ ತೂರುವಷ್ಟು ಬಿಡಿ.

ತೊಳೆಯೋದು ಬೇಸಿಗೆಯಲ್ಲಿ ವಾರಕ್ಕೊಮ್ಮೆ. ವಾಚಿನಿಂದ ಬಿಚ್ಚಿ, ಉಗುರುಬೆಚ್ಚಗಿನ ನೀರಿಗೆ ಪಾತ್ರೆ ತೊಳೆಯೋ ದ್ರವ ಒಂದೇ ಹನಿ, ಹತ್ತು ನಿಮಿಷ ನೆನೆಸಿ, ಹಳೇ ಹಲ್ಲುಜ್ಜೋ ಬ್ರಷ್‌ನಿಂದ ಬಳೆಗಳ ಅಡಿಯನ್ನೂ ಉಜ್ಜಿ. ಜಾರುವಿಕೆ ಹೋಗೋವರೆಗೆ ಜಾಲಿಸಿ, ಟವೆಲಲ್ಲಿ ಒತ್ತಿ, ನೆರಳಲ್ಲಿ ಒಣಗಿಸಿ. ಬ್ಲೀಚ್ ಬೇಡ, ನೈಲಾನ್ ಹಳದಿಯಾಗಿ ನೂಲು ಪೆಡಸಾಗುತ್ತೆ. ಕಡುನೀಲಿ, ಕೆಂಪು ಹೊಸ ಪಟ್ಟಿಯಾದರೆ ಮೊದಲ ಸಲ ಕೈಗೆ ಹಾಕುವ ಮುಂಚೆಯೇ ತೊಳೆಯಿರಿ, ಬಿಳಿ ಶರ್ಟಿನ ತೋಳು ಉಳಿಯುತ್ತೆ.

ಹಿತ್ತಾಳೆ_ಕೇಸ್

ಮಳೆಗಾಲಕ್ಕೆ ಡ್ಯೂರೊಗೆ ಎರಡು ಪಟ್ಟಿ ಇಟ್ಟುಕೊಳ್ಳಿ. ಜುಲೈನಲ್ಲಿ ಒಂದು ರಾತ್ರಿಗೆ ಒಣಗಲ್ಲ. ಜನತಾವನ್ನ ಮಳೆಗಾಲದಲ್ಲಿ ಮನೆಯಲ್ಲೇ ಬಿಡೋದು ಇನ್ನೂ ಒಳ್ಳೇದು.